ಐದನೆಯ ಕಾಳು

ಒಂದು ಮಧ್ಯಾಹ್ನ ಊಟ ಮುಗಿಸಿ, ಪಡಸಾಲೆಯಲ್ಲಿ ಕೂತು, ಅಂಗೈ ಅಗಲದ ಕಾಗದದ ಮೇಲೆ ನಾನು ನನ್ನ ಅವ್ವನನ್ನು ಸಾಯಿಸಿದೆ. ಅವಳು ಆಗ ನನ್ನಿಂದ ಎರಡು ಮಾರು ದೂರದಲ್ಲಿ ಗೋಡೆಗೆ ಬೆನ್ನು ಕೊಟ್ಟು ಮೆಂತ್ಯಪಲ್ಯ ಸೋಸುತ್ತಿದ್ದಳು.

“ಏನ್ ಬರಿಯಾಕತ್ತಿ ಯವ್ವಾ, ಅಷ್ಟೊತ್ತಿಂದ?” ಎಂದು ಕೇಳಿದಳು. ನಮ್ಮ ಕಡೆ ತಾಯಂದಿರು ಮಗಳನ್ನು ‘ಯವ್ವಾ’ ಎಂದೇ ಕರೆಯುತ್ತಾರೆ.

“ಏನಿಲ್ಲ ಬೇ, ಅಂಗಡಿಯವ್ರ ಕಾರ್ಡು,” ಎಂದೆ. ಅವಳು ಮತ್ತೆ ಸೊಪ್ಪಿನ ಕಡೆ ತಿರುಗಿದಳು.

ನಮ್ಮದು ಕಲಘಟಗಿಯಿಂದ ದುಮ್ಮವಾಡದ ಕಡೆ ಹೋಗುವ ರಸ್ತೆಯಲ್ಲಿರುವ ಸಣ್ಣ ಊರು. ನಮ್ಮ ಓಣಿಯ ಆರು ಹೆಂಗಸರು ಸೇರಿ ಕೌದಿ ಹೊಲಿಯುತ್ತೇವೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಇಡೀ ಹೊದಿಕೆಗೆ ಕೈಹೊಲಿಗೆ ಹಾಕುವುದು. ಬಾಜು ಮನೆಯ ಆಪಾ ಬಣ್ಣ ಕೂಡಿಸುವುದರಲ್ಲಿ ಎತ್ತಿದ ಕೈ. ಅವರ ಯಜಮಾನರು ಕಲಘಟಗಿಯಲ್ಲಿ ಟೇಲರ್, ಹಾಗಾಗಿ ತುಂಡುಗಳಿಗೆ ಬರವಿಲ್ಲ. ನನ್ನ ಹೊಲಿಗೆ ಅಷ್ಟಕ್ಕಷ್ಟೇ. ಪಿಯುಸಿವರೆಗೆ ಓದಿದವಳು ನಾನೊಬ್ಬಳೇ ಆದ್ದರಿಂದ ಬರೆಯುವ, ಫೋನಿನಲ್ಲಿ ಮಾತಾಡುವ, ಪಾರ್ಸಲ್ ಕಳಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಅವ್ವ ಎಲ್ಲರಿಗಿಂತ ಹಿರಿಯಳು. ಅಪ್ಪ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳಿಗೆ ಇರುವವಳು ನಾನೊಬ್ಬಳೇ ಮಗಳು.

ಕೌದಿಯ ಕೊನೆಯ ಮೂಲೆ ಅವ್ವನದು. ಹೊಲಿಗೆಯೆಲ್ಲ ಮುಗಿದು, ಎರಡು ಬೆರಳು ತೂರುವಷ್ಟು ಬಾಯಿ ಉಳಿದಾಗ, ಅದರೊಳಗೆ ಜೋಳದ ಕಾಳು ಹಾಕಿ ಮುಚ್ಚಬೇಕು. ಕೌದಿಗೆ ತುತ್ತು ಹಾಕುವುದು ಎನ್ನುತ್ತೇವೆ. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರ ಹೊಟ್ಟೆಯೂ ತುಂಬಿರುತ್ತದೆ ಎಂದು ನಂಬಿಕೆ. ನಮ್ಮ ಮನೆಯಲ್ಲಿ ಅದಕ್ಕೊಂದು ಲೆಕ್ಕವೂ ಇದೆ: ತಾಯಿ ಇದ್ದವಳು ನಾಲ್ಕು ಕಾಳು ಹಾಕುತ್ತಾಳೆ, ತಾಯಿ ಇಲ್ಲದವಳು ಐದು. ಐದನೆಯದು ಹೋದವಳ ಪಾಲು. ನಾನು ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಆಮೇಲೆ ಹೊಲಿದ ಮೊದಲ ಕೌದಿಗೆ ತುತ್ತು ಹಾಕುವಾಗ ಅವ್ವ ಐದನೆಯ ಕಾಳನ್ನು ಬಹಳ ಹೊತ್ತು ಬೆರಳ ನಡುವೆ ಹಿಡಿದುಕೊಂಡಿದ್ದು ನನಗೆ ನೆನಪಿದೆ. ಅವ್ವ ಅಳಲಿಲ್ಲ. ಅತ್ತವಳು ನಾನು, ಯಾಕೆಂದರೆ ಆ ಕೌದಿ ನನಗೆ ಬೇಕಾಗಿತ್ತು, ಅದನ್ನು ಸೋದರತ್ತೆಗೆ ಕೊಟ್ಟುಬಿಟ್ಟರು.

ಬೆಂಗಳೂರಿನ ಅಂಗಡಿಯೊಂದು ನಮ್ಮ ಕೌದಿ ತೆಗೆದುಕೊಳ್ಳಲು ಒಪ್ಪಿದ್ದೇ ದೊಡ್ಡ ಸುದ್ದಿಯಾಗಿತ್ತು. ಆ ಅಂಗಡಿಯ ಮೇಡಂ ಹುಬ್ಬಳ್ಳಿಯಲ್ಲಿ ನಮ್ಮಂಥ ಇಪ್ಪತ್ತು ಹೆಂಗಸರಿಗೆ ತರಬೇತಿ ಕೊಟ್ಟರು. ಮೇಜಿನ ಮೇಲೆ ಒಂದೇ ಥರದ ಎರಡು ಸ್ಟೀಲ್ ಲೋಟ ಇಟ್ಟು, ಒಂದನ್ನು ಎತ್ತಿ ಹಿಡಿದು, ಇದು ನಮ್ಮ ತಾತ ಆಸ್ಪತ್ರೆಯಲ್ಲಿ ಕೊನೆಯ ಸಲ ನೀರು ಕುಡಿದ ಲೋಟ ಎಂದರು. ಆಮೇಲೆ ನಿಮಗೆ ಯಾವುದು ಬೇಕು ಎಂದು ಕೇಳಿದರು. ಇಪ್ಪತ್ತೂ ಜನ ಆ ಲೋಟಕ್ಕೇ ಕೈ ತೋರಿಸಿದೆವು.

“ಎರಡೂ ಕೆಳಗಡೆ ಕ್ಯಾಂಟೀನ್‌ದು ಕಣ್ರೀ,” ಎಂದು ಮೇಡಂ ನಕ್ಕರು. “ನೋಡಿದ್ರಾ? ಬಟ್ಟೆ ಎಲ್ಲಾ ಕಡೆ ಸಿಗುತ್ತೆ. ಜನ ದುಡ್ಡು ಕೊಡೋದು ಕಥೆಗೆ. ಅದರಲ್ಲೂ ಏನೋ ಕಳಕೊಂಡವರ ಕಥೆಗೆ.”

ನನಗೆ ಮೈ ಜುಮ್ಮೆಂದಿತು. ಶಾಲೆಯಲ್ಲಿ ನಿಬಂಧ ಬರೆದು ಬಹುಮಾನ ತಗೊಂಡವಳು ನಾನು. ಮದುವೆಯಾದ ಮೇಲೆ ರೇಷನ್ ಅರ್ಜಿ ಬಿಟ್ಟು ಬೇರೇನೂ ಬರೆದಿರಲಿಲ್ಲ. ಇದು ನನಗೆ ಬರುವ ವಿದ್ಯೆ, ಇಷ್ಟು ದಿನ ಯಾರೂ ಕೇಳಿರಲಿಲ್ಲ ಅಷ್ಟೇ ಎಂದುಕೊಂಡು ಊರಿನ ಬಸ್ಸು ಹತ್ತಿದೆ.

ಕೌದಿಯ ಜೊತೆಗೆ ಇಡಲು ಅದರ ಕಥೆ ಬರೆದ ಒಂದು ಕಾರ್ಡು ಬೇಕೆಂದು ಮೇಡಂ ಹೇಳಿದ್ದರು. ಮೊದಲ ಕಾರ್ಡಿನಲ್ಲಿ ಇದ್ದದ್ದನ್ನು ಇದ್ದಂತೆ ಬರೆದೆ. ನಾನು, ನನ್ನ ಅವ್ವ, ನಮ್ಮ ಓಣಿಯವರು ಸೇರಿ ಹೊಲಿದ ಕೌದಿ, ಅಂತ. ಚೆನ್ನಾಗಿದೆ, ಆದರೆ ಮನಸ್ಸಿಗೆ ತಾಗುತ್ತಿಲ್ಲ ಎಂದು ಮೇಡಂ ವಾಪಸ್ ಕಳಿಸಿದರು. ನನಗೆ ಸಿಟ್ಟು ಬಂತು. ತಾಗಬೇಕೇನು, ತಾಗಿಸುತ್ತೇನೆ ತಾಳು ಎಂದು ಆ ಮಧ್ಯಾಹ್ನ ಎರಡನೆಯದು ಬರೆದೆ: “ಇದು ನನ್ನ ಅವ್ವನ ಸೀರೆಗಳ ಕೌದಿ. ಅವ್ವ ಈಗಿಲ್ಲ. ಅವಳ ಸೀರೆಗೆ ಕತ್ತರಿ ಹಾಕುವಾಗ ನನ್ನ ಕೈ ನಡುಗಿತು. ಕೊನೆಯ ಮೂಲೆಯಲ್ಲಿ ಐದು ಕಾಳು ಜೋಳವಿದೆ. ಐದನೆಯದು ಅವಳ ಪಾಲು. ಬೆರಳಿಟ್ಟು ನೋಡಿ.”

ಅಜ್ಜಿಯ ಸಾವನ್ನು ಒಂದು ತಲೆಮಾರು ಕೆಳಗೆ ತಂದೆ, ಅಷ್ಟೇ. ಅಜ್ಜಿ ಸತ್ತು ಬಹಳ ವರ್ಷವಾಗಿತ್ತು, ಅಷ್ಟು ಹಳೆಯ ಸಾವಿಗೆ ಬೆಂಗಳೂರಿನಲ್ಲಿ ಯಾರು ಅಳುತ್ತಾರೆ? ಕೈ ನಡುಗಿದ್ದೂ ಸುಳ್ಳು. ಕತ್ತರಿ ಹಾಕುವವರು ಆಪಾ, ಅವರ ಕೈ ನಡುಗುವುದನ್ನು ಯಾರೂ ಕಂಡಿಲ್ಲ. ಆ ಕಾರ್ಡಿನಲ್ಲಿ ನಿಜ ಅಂತ ಇದ್ದದ್ದು ಐದು ಕಾಳು ಮಾತ್ರ. ಅದನ್ನು ಅವ್ವ ತನ್ನ ಕೈಯಾರೆ ತನ್ನ ಅವ್ವನಿಗಾಗಿ ಹಾಕುತ್ತಿದ್ದಳು. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಬರೆದು ಮುಗಿಸಿ ಓದಿಕೊಂಡಾಗ ನನಗೇ ಕಣ್ಣು ತುಂಬಿತು. ನನಗೆ ಆ ಬರಹದ ಬಗ್ಗೆ ಹೆಮ್ಮೆಯಾಯಿತು.

ಕಾರ್ಡು ಬೆಂಗಳೂರಿಗೆ ಹೋಗುತ್ತದೆ, ಅಲ್ಲೇ ಇರುತ್ತದೆ ಎಂದು ತಿಳಿದಿದ್ದೆ. ಹದಿನೈದು ದಿನದಲ್ಲಿ ಅದು ಅಂಗಡಿಯವರು ಮಾಡಿಸಿದ ವಿಡಿಯೋ ಆಗಿ ಆಪಾನ ಫೋನಿಗೆ ಬಂತು. ಆಪಾ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿ ದೊಡ್ಡ ದನಿಯಲ್ಲಿ ಹಚ್ಚಿದರು. ಹಿಂದೆ ಸಾರಂಗಿ. ಯಾರೋ ಹೆಂಗಸು ಇಂಪಾದ ದನಿಯಲ್ಲಿ ‘ಅವ್ವ ಈಗಿಲ್ಲ’ ಎಂದಾಗ ಎಲ್ಲರೂ ಅವ್ವನ ಕಡೆ ನೋಡಿದರು. ನಾನು ಒಳಗೆ ಓಡಿಹೋಗುವ ದಾರಿ ಹುಡುಕುತ್ತಿದ್ದೆ.

ಅವ್ವ ಪೂರ್ತಿ ಕೇಳಿದಳು. ಆಮೇಲೆ ಸೂಜಿಗೆ ದಾರ ಪೋಣಿಸುತ್ತ, “ಅಗದಿ ಛಲೋ ಸತ್ತೇನಿ ಬಿಡು. ಎದರಿಂದ ಸತ್ತೆ ಅಂತ ಬರೀಲಿಲ್ಲೇನ?” ಎಂದಳು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವ್ವನಿಗೆ ಏನೂ ಅನ್ನಿಸಿಲ್ಲ ಎಂದು ನಂಬುವುದು ನನಗೆ ಅನುಕೂಲವಾಗಿತ್ತು, ನಂಬಿದೆ. ಆಮೇಲೆ ಎಷ್ಟೋ ದಿನ ಅದೇ ಚೇಷ್ಟೆ. ಬೆಳಗ್ಗೆ ಚಹಾ ಕೊಡಲು ಹೋದರೆ, “ಸತ್ತಾಕಿಗೆ ಸಕ್ರಿ ಜಾಸ್ತಿ ಹಾಕಬ್ಯಾಡ,” ಎನ್ನುತ್ತಿದ್ದಳು.

ಕೌದಿಗಳು ಹೊಲಿದ ಹಾಗೇ ಮಾರಾಟವಾಗತೊಡಗಿದವು, ಎಲ್ಲದರ ಜೊತೆಗೂ ಅದೇ ಕಾರ್ಡು. ಆರೂ ಮನೆಯಲ್ಲಿ ಒಂದೊಂದು ಕೆಲಸ ಶುರುವಾಯಿತು: ಒಬ್ಬರ ಮಗಳು ಧಾರವಾಡದಲ್ಲಿ ನರ್ಸಿಂಗ್ ಸೇರಿದಳು, ಇನ್ನೊಬ್ಬರ ಮನೆಗೆ ಹಂಚಿನ ಬದಲು ಸ್ಲ್ಯಾಬ್ ಬಿತ್ತು. ಆಗ ಒಮ್ಮೆ ಧೈರ್ಯ ಮಾಡಿ ಮೇಡಂಗೆ ಫೋನ್ ಮಾಡಿದೆ. ಆ ಕಾರ್ಡು ತೆಗೆದುಬಿಡೋಣ್ರಿ, ನಮ್ಮ ಅವ್ವ ಗಟ್ಟಿಮುಟ್ಟಾಗಿದ್ದಾಳೆ, ಎಂದೆ.

“ನೀವು ಬರೆದಿದ್ದು ನಿಜ ಅಂತಲೇ ನಾನು ಅಂದ್ಕೊಂಡಿದ್ದೆ,” ಎಂದರು ಮೇಡಂ. “ಜನ ಅದನ್ನ ಓದಿ ಅತ್ತಿದ್ದಾರೆ. ಈಗ ಸುಳ್ಳು ಅಂದ್ರೆ ಕೌದಿನೂ ಕೈಹೊಲಿಗೆ ಅಲ್ಲ, ಮಷೀನಿಂದು ಅಂತಾರೆ. ನಿಮ್ಮ ಆರು ಜನರದ್ದೂ ಅಲ್ಲಿಗೆ ಮುಗೀತು. ಹೇಳಿ, ಏನ್ ಮಾಡ್ಲಿ?”

ಏನೂ ಮಾಡಬೇಡಿ ಎಂದೆ. ಬೋನಿಗೆ ಬಾಗಿಲು ಹಾಕಿದ್ದೂ ನಾನೇ, ಒಳಗೆ ಕೂತಿದ್ದೂ ನಾನೇ. ಯಾರನ್ನು ಬೈಯಬೇಕು ಎಂದು ಗೊತ್ತಾಗದೆ ಅವತ್ತು ಗಂಡನನ್ನು ಬೈದೆ.

ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ ನಮ್ಮ ಮನೆಯ ಮುಂದೆ ಕಾರು ನಿಂತಿತು. ಗೋವಾಕ್ಕೆ ಹೊರಟಿದ್ದ ಬೆಂಗಳೂರಿನ ಗಂಡಹೆಂಡತಿ. ಕಾರ್ಡಿನ ಹಿಂದೆ ಫೋನ್ ನಂಬರಿನ ಜೊತೆಗಿದ್ದ ನಮ್ಮ ವಿಳಾಸ ಹಿಡಿದುಕೊಂಡು, ದಾರಿ ಬಿಟ್ಟು ನಮ್ಮೂರಿಗೆ ಬಂದಿದ್ದರು. ಆ ಹೆಣ್ಣುಮಗಳು ನನ್ನನ್ನು ನೋಡಿದ ಕೂಡಲೇ ಎರಡೂ ಕೈ ಹಿಡಿದುಕೊಂಡರು. ಅವರ ತಾಯಿ ತೀರಿ ಮೂರು ತಿಂಗಳಾಗಿತ್ತಂತೆ. ರಾತ್ರಿ ನಮ್ಮ ಕೌದಿ ಹೊದ್ದರೆ ಮಾತ್ರ ನಿದ್ದೆ ಬರುತ್ತದಂತೆ.

“ಮನೇಲಿ ಯಾರಿಗೂ ಅರ್ಥ ಆಗಲ್ಲ. ನಿಮಗೆ ಮಾತ್ರ ಗೊತ್ತು, ಅಮ್ಮ ಇಲ್ಲ ಅಂದ್ರೆ ಏನು ಅಂತ,” ಎಂದು ಅತ್ತರು.

ಅವರು ಕೆಟ್ಟವರಾಗಿದ್ದರೆ, ಇಲ್ಲ ಸುಮ್ಮನೆ ಫೋಟೋ ತೆಗೆಯಲು ಬಂದವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅವರ ಕೈ ತಣ್ಣಗಿತ್ತು. ನನ್ನ ಕೈಯನ್ನು ಬಿಡಿಸಿಕೊಳ್ಳಲು ಆಗಲಿಲ್ಲ. ಅಷ್ಟರಲ್ಲಿ ಅವ್ವ ಒಳಗಿನಿಂದ ಚಹಾದ ತಾಟು ಹಿಡಿದು ಬಂದಳು.

“ಇವರು?” ಎಂದು ಅವರು ಕೇಳಿದರು.

ಅವ್ವ ನನ್ನ ಮುಖ ನೋಡಿದಳು, ಅವರ ಕೆಂಪು ಕಣ್ಣು ನೋಡಿದಳು. ಆಮೇಲೆ ತಾಟು ಇಟ್ಟು, “ನಾ ಈಕಿ ಚಿಗವ್ವರಿ. ಸತ್ತಾಕಿ ನಮ್ಮ ಅಕ್ಕ,” ಎಂದಳು.

ಕೇಳಿದರೆಂದು ಅಕ್ಕನ ಸಾವನ್ನೂ ಹೇಳಿದಳು. ಜ್ವರ ಬಂದದ್ದು, ಕೊನೆಗೆ ಗಂಜಿ ಬೇಡ ಎಂದದ್ದು, ಕಾಲ ಹತ್ತಿರ ಕೂತು ಒತ್ತಲೋ ಬೇಡವೋ ಎಂದು ತಿಳಿಯದೆ ಬೆಳಗು ಹರಿದದ್ದು. ಎಲ್ಲವೂ ಅಜ್ಜಿಯ ಸಾವು, ಒಂದಕ್ಷರ ಸುಳ್ಳಿರಲಿಲ್ಲ. ನಾನು ಕಾರ್ಡಿನಲ್ಲಿ ಬರೆದದ್ದು ಅದರ ಮುಂದೆ ಏನೂ ಅಲ್ಲ. ಆ ಹೆಣ್ಣುಮಗಳು ಅವ್ವನ ಹೆಗಲಿಗೆ ತಲೆಯಿಟ್ಟು ಅತ್ತರು. ಅವ್ವ ಅವರ ಬೆನ್ನು ಸವರಿದಳು.

ಅವರನ್ನು ಕಳಿಸಲು ಏಳುವಾಗ ಅವ್ವ ಹೊಸ್ತಿಲ ಹತ್ತಿರ ಕುಸಿದು ಬಿದ್ದಳು. ಸಕ್ಕರೆ ಕಾಯಿಲೆಯವಳು, ಬೆಳಗಿನ ಗುಳಿಗೆ ನುಂಗಿ ಸೋಮವಾರದ ಉಪವಾಸ ಹಿಡಿದಿದ್ದಳು. ಮೈಯೆಲ್ಲ ಬೆವರು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ‘ಅವ್ವಾ’ ಎಂದು ನನ್ನ ಗಂಟಲಿನವರೆಗೂ ಬಂತು. ಬಂದದ್ದನ್ನು ನುಂಗಿದೆ. “ಚಿಗವ್ವಾ, ಚಿಗವ್ವಾ,” ಎಂದು ಕೂಗಿ ಅಲುಗಾಡಿಸಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅವರದೇ ಕಾರಿನಲ್ಲಿ ಹಾಕಿಕೊಂಡು ಹತ್ತಿರದ ದವಾಖಾನೆಗೆ ಹೋದೆವು. ಗ್ಲೂಕೋಸ್ ಬಾಟಲಿ ಏರಿಸಿದರು. ನರ್ಸು ಕಾಗದ ಹಿಡಿದು ಬಂದಳು. ಬೆಂಗಳೂರಿನ ಆ ಹೆಣ್ಣುಮಗಳು ನನ್ನ ಪಕ್ಕದಲ್ಲೇ, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

“ನಿಮಗ ಏನಾಗಬೇಕ್ರಿ ಇವರು?”

“ಚಿಗವ್ವ ಆಗಬೇಕ್ರಿ.”

“ಸ್ವಂತ ಮಕ್ಳು ಯಾರೂ ಇಲ್ಲೇನ್ರಿ?”

ಹೆಗಲ ಮೇಲಿನ ಕೈ ಮೆಲ್ಲಗೆ ಒತ್ತಿತು, ಸಮಾಧಾನ ಹೇಳುವ ಹಾಗೆ.

“ಇಲ್ರಿ,” ಎಂದೆ.

ಅವ್ವ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಅವಳಿಗೆ ಎಚ್ಚರವಿತ್ತು. ಕಾಲಿನ ಹೆಬ್ಬೆರಳು ಅಲುಗಾಡುತ್ತಿತ್ತು, ಎಚ್ಚರವಿದ್ದಾಗ ಅವಳು ಹಾಗೆಯೇ ಮಾಡುತ್ತಾಳೆ.

ಸಂಜೆ ಹೊತ್ತಿಗೆ ಎದ್ದು ಕೂತಳು. ಬೆಂಗಳೂರಿನವರು ನಮ್ಮನ್ನು ಮನೆಯವರೆಗೆ ಬಿಟ್ಟು, ಚಿಗವ್ವನನ್ನು ಚೆನ್ನಾಗಿ ನೋಡಿಕೊಳ್ಳಿ, ನಿಮಗಿನ್ನು ಅವರೇ ತಾಯಿ ಎಂದು ಹೇಳಿ ಹೋದರು. ಅವ್ವ ರೊಟ್ಟಿ ತಿಂದಳು. ನೀರು ಕೇಳಿದಳು. “ನೀರ ಕೊಡು,” ಎಂದಳು, ಅಷ್ಟೇ. ಹಿಂದೆಯೋ ಮುಂದೆಯೋ ಒಂದು ‘ಯವ್ವಾ’ ಇರಬೇಕಾಗಿತ್ತು. ದಣಿದಿದ್ದಾಳೆ ಎಂದುಕೊಂಡೆ. ಮರುದಿನವೂ ಇರಲಿಲ್ಲ. ಸತ್ತವಳ ಚೇಷ್ಟೆಯೂ ಅವತ್ತಿಗೇ ನಿಂತಿತು. ಹೊಲಿಗೆ ಮಾತ್ರ ನಿಲ್ಲಲಿಲ್ಲ. ದಿನಾ ಕೂರುತ್ತಿದ್ದಳು, ಕೊನೆಯ ಮೂಲೆ ತಾನೇ ಮುಚ್ಚುತ್ತಿದ್ದಳು. ಬೈದಿದ್ದರೆ ಕಾಲಿಗೆ ಬಿದ್ದುಬಿಡುತ್ತಿದ್ದೆ. ಅವಳು ಬೈಯಲಿಲ್ಲ, ನನಗೆ ಬೀಳಲು ಜಾಗವೇ ಸಿಗಲಿಲ್ಲ.

ದೀಪಾವಳಿಗೆ ಹನ್ನೊಂದು ಕೌದಿ ಹೋಗಬೇಕಾಗಿತ್ತು. ಬಸ್ಸಿಗೆ ಹಾಕಲು ಕಟ್ಟುತ್ತಿದ್ದಾಗ ಆಪಾ ಒಂದು ಕೌದಿಯ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ, ಮತ್ತೆ ಒತ್ತಿ, ನನ್ನ ಮುಖ ನೋಡಿದರು.

“ಅರೆ ತಂಗಿ, ಇದರಾಗ ಕಾಳ ಹತ್ತವಲ್ವಲ್ಲ ಬೆರಳಿಗೆ.”

ನಾನು ಒತ್ತಿ ನೋಡಿದೆ. ಅರಿವೆಯ ಮೇಲೆ ಅರಿವೆ, ಒಳಗೆ ಏನೂ ಇಲ್ಲ. ಇನ್ನೊಂದು ಎಳೆದುಕೊಂಡೆ. ಅದೂ ಹಾಗೆಯೇ. ಹನ್ನೊಂದೂ ಖಾಲಿ. ಶ್ರಾವಣದಿಂದ ಈಚೆಗೆ ಎಷ್ಟು ಕಳಿಸಿದ್ದೆವೆಂದು ಬೆರಳು ಮಡಚಿ ಎಣಿಸಿದೆ, ಅವೂ ಖಾಲಿಯೇ ಹೋಗಿರಬೇಕು. ಅವುಗಳ ಜೊತೆಗೆಲ್ಲ ಐದು ಕಾಳಿನ ಕಾರ್ಡು ಹೋಗಿತ್ತು. ಬೆರಳಿಟ್ಟು ನೋಡಿ ಎಂದು ನಾನೇ ಬರೆದಿದ್ದೆ. ಒಬ್ಬರೂ ಫೋನ್ ಮಾಡಿರಲಿಲ್ಲ. ಕಥೆ ನಂಬಿದವರು ಯಾರೂ ಮೂಲೆ ಮುಟ್ಟಿ ನೋಡಿರಲಿಲ್ಲ. ಬಚಾವಾದೆ ಎಂದು ಅನ್ನಿಸಿತು, ಅದರ ಹಿಂದೆಯೇ ಅವಮಾನವೂ ಆಯಿತು.

ಅವ್ವ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಕೌದಿಯನ್ನು ಅವಳ ಮುಂದೆ ಹಾಕಿದೆ.

“ತುತ್ತು ಯಾಕ ಹಾಕಿಲ್ಲ?”

“ಯಾರು ಹಾಕಬೇಕಿತ್ತು?”

“ನೀನ ಅಲ್ಲೇನ ಬೇ ಹಾಕೂದು?”

“ಸತ್ತಾಕಿ ಕೈಲೆ ತುತ್ತು ಹಾಕಸ್ತಾರೇನ?” ಎಂದಳು ಅವ್ವ. ದನಿ ಏರಿಸಲಿಲ್ಲ. “ಮಕ್ಕಳಿಲ್ಲದ ಚಿಗವ್ವನ ಕೈಲೆ ಅಂತೂ ಹಾಕಸಬಾರದು.”

ಆಪಾ ಮುಖ ತಿರುಗಿಸಿ ದಾರದ ಉಂಡೆ ಸುತ್ತತೊಡಗಿದರು. ನಾನು ಅವ್ವನ ಕಾಲ ಬಳಿ ಕೂತೆ. ತಪ್ಪಾತು ಎಂದೆ. ಕಾರ್ಡು ತೆಗೆಸಲು ಫೋನ್ ಮಾಡಿದ್ದೆ, ಅವರು ಒಪ್ಪಲಿಲ್ಲ ಎಂದೆ. ಆರು ಮನೆಯ ಮಾತು ಎಂದೆ.

“ನನಗ ಗೊತ್ತಿಲ್ಲೇನ ಅದು?” ಎಂದಳು ಅವ್ವ. “ಅದಕ್ಕ ಅಲ್ಲೇನ ಅವತ್ತು ನಾ ಚಿಗವ್ವ ಆಗಿದ್ದು? ಕಾರ್ಡ್‌ನ್ಯಾಗ ಸತ್ರ ಸತ್ತೆ, ಹೋಗ್ಲಿ. ಆದ್ರ ದವಾಖಾನ್ಯಾಗ, ನಾ ಅಲ್ಲೇ ಬಿದ್ದಾಗ, ಮಕ್ಳಿಲ್ಲ ಅಂದ್ಯಲ್ಲ.”

ಹಾಗೆಂದು ಅವ್ವ ಒಳಗೆ ಹೋಗಿ ಒಂದು ಬಟ್ಟಲಲ್ಲಿ ಜೋಳ ತಂದು ನನ್ನ ಮುಂದಿಟ್ಟಳು.

“ಬಸ್ಸಿನ ಹೊತ್ತಾತು. ನಿನ್ನ ಕತಿ, ನೀನ ಹಾಕು.”

“ಎಷ್ಟ ಹಾಕ್ಲಿ?”

“ನನ್ನ ಕೇಳ್ತಿ? ತಾಯಿ ಇದ್ದಾಕಿ ನಾಕು. ಇಲ್ಲದಾಕಿ ಐದು.”

ಮೊದಲ ಕೌದಿಯ ಮೂಲೆಯ ಹೊಲಿಗೆ ಬಿಚ್ಚಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯದು ಬೆರಳ ನಡುವೆ ಉಳಿಯಿತು. ಕಾರ್ಡಿನಲ್ಲಿ ಐದು ಎಂದಿತ್ತು. ಹಾಕಿದರೆ ಕಾರ್ಡು ಸರಿಯಾಗುತ್ತದೆ. ಅವ್ವ ಎದುರಿಗೇ ನಿಂತಿದ್ದಳು, ಕೈ ಸೊಂಟದ ಮೇಲೆ. ಬೇರೆ ಕಡೆ ನೋಡುವಂತೆ ನಟಿಸುತ್ತಲೂ ಇರಲಿಲ್ಲ.

ಆ ಕಾಳನ್ನು ಬಟ್ಟಲಿಗೆ ವಾಪಸ್ ಹಾಕಿ ಮೂಲೆ ಹೊಲಿದೆ. ಹನ್ನೊಂದಕ್ಕೂ ನಾಲ್ಕೇ ಹಾಕಿದೆ. ಅವತ್ತಿನಿಂದ ನಮ್ಮ ಊರಿನಿಂದ ಹೋಗುವ ಪ್ರತಿ ಕೌದಿಯಲ್ಲೂ ನಾಲ್ಕೇ ಕಾಳಿವೆ, ಪ್ರತಿ ಕಾರ್ಡಿನಲ್ಲೂ ಐದು ಎಂದಿದೆ. ಯಾರಾದರೂ ಎಣಿಸಿ ಫೋನ್ ಮಾಡಿದರೆ ಆರು ಮನೆಯ ಕೆಲಸ ಹೋಗುತ್ತದೆ. ಆದರೂ ಫೋನ್ ಬಂದಾಗಲೆಲ್ಲ, ಈ ಸಲವಾದರೂ ಎಣಿಸಿದವರೇ ಇರಲಿ ಎಂದು ನನ್ನ ಮನಸ್ಸು ಹಾರೈಸುತ್ತದೆ. ಇಲ್ಲಿಯವರೆಗೆ ಯಾರೂ ಎಣಿಸಿಲ್ಲ.

ಎಣಿಸಿದವಳು ಅವ್ವ ಒಬ್ಬಳೇ. ಅವತ್ತು ಕೂತು, ಕಟ್ಟುವ ಮೊದಲು ಪ್ರತಿ ಮೂಲೆಯನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಹನ್ನೊಂದೂ ಆದ ಮೇಲೆ ಕೌದಿಗಳನ್ನು ಒಂದರ ಮೇಲೊಂದು ಜೋಡಿಸಿದಳು. ನಾನು ಒಂದೊಂದರ ಮೇಲೂ ಕಾರ್ಡು ಇಟ್ಟು ದಾರ ಸುತ್ತಿದೆ. ದಾರ ಜಾರುತ್ತಿತ್ತು, ಗಂಟು ನಿಲ್ಲುತ್ತಿರಲಿಲ್ಲ.

“ತಡೀ ಯವ್ವಾ,” ಎಂದಳು ಅವ್ವ. ಬಂದು ಪಕ್ಕದಲ್ಲಿ ಕೂತು, ‘ಅವ್ವ ಈಗಿಲ್ಲ’ ಎಂಬ ಸಾಲಿನ ಮೇಲೆ, ಗಂಟು ಬೀಳುವ ಜಾಗದಲ್ಲಿ, ತನ್ನ ಬೆರಳು ಒತ್ತಿ ಹಿಡಿದಳು. ನಾನು ಬಿಗಿದೆ.